ಮಳೆಯಾದ ಒಂಬತ್ತನೆಯ ದಿನ

ಮಧ್ಯಾಹ್ನ ಮೂರಕ್ಕೆ ಅಡುಗೆಮನೆಯ ಒಲೆಗಳು ಆರಿದ ಮೇಲೆ ಐದು ಗಂಟೆಯವರೆಗೆ ನಿತ್ಯಾನಂದನಿಗೆ ಕೆಲಸವಿರಲಿಲ್ಲ. ಮಲೇಷ್ಯಾದ ರಾಜಧಾನಿಯ ಬಾಂಗ್ಸಾರ್ ಬಡಾವಣೆಯ ಆ ಸಸ್ಯಾಹಾರಿ ಹೋಟೆಲಿನ ಉಳಿದ ಅಡುಗೆಯವರು ಮಹಡಿಯ ಕೋಣೆಯಲ್ಲಿ ಫ್ಯಾನು ಹಾಕಿಕೊಂಡು ಮಲಗುತ್ತಿದ್ದರು. ಅವನು ಮಾತ್ರ ಹೆಗಲಿಗೊಂದು ಬೈರಾಸು ಹಾಕಿಕೊಂಡು ಹೊರಟುಬಿಡುತ್ತಿದ್ದ. ಹದಿನೈದು ನಿಮಿಷ ನಡೆದು ದೊಡ್ಡ ರಸ್ತೆ ದಾಟಿದರೆ ತಾಮಾನ್ ತಾಸಿಕ್ ಲಾಮಾ, ಅಂದರೆ ಹಳೆಯ ಕೆರೆಯ ಉದ್ಯಾನ. ಬ್ರಿಟಿಷರ ಕಾಲದಲ್ಲಿ ಯಾರೋ ದೊರೆ ಕೆರೆ ತೋಡಿಸಿ, ದಂಡೆಯ ಉದ್ದಕ್ಕೂ ಒಂಬತ್ತು ಮಳೆಮರಗಳನ್ನು ನೆಡಿಸಿದ್ದನಂತೆ. ದೊರೆಯ ಹೆಸರು ಈಗ ಯಾರಿಗೂ ನೆನಪಿಲ್ಲ. ಮರಗಳು ಮಾತ್ರ ನೂರು ವರ್ಷ ದಾಟಿ, ಕೊಡೆ ಬಿಚ್ಚಿದ ಹಾಗೆ ಹರಡಿಕೊಂಡು, ಕೊಂಬೆಗಳನ್ನು ನೀರಿನವರೆಗೂ ಚಾಚಿಕೊಂಡು ನಿಂತಿದ್ದವು.

ನಾಲ್ಕನೆಯ ಮರದ ಬುಡದಲ್ಲಿ ಅವನು ಬೈರಾಸು ಹಾಸಿ ಅಂಗಾತ ಮಲಗುತ್ತಿದ್ದ. ನಿದ್ದೆ ಎನ್ನುವಂತಿಲ್ಲ, ಎಚ್ಚರ ಎನ್ನುವಂತೆಯೂ ಇಲ್ಲ. ಕೆರೆಯ ನೀರಿನ ಬೆಳಕು ಕೊಂಬೆಗಳ ಅಡಿಭಾಗಕ್ಕೆ ಬಡಿದು ಅಲೆ ಅಲೆಯಾಗಿ ಅಲ್ಲಾಡುವುದು. ಕೊಂಬೆಯ ಮೇಲೆಲ್ಲ ಗಿಡಗಳು. ಬುಟ್ಟಿಯಷ್ಟು ದಪ್ಪದ ಜರಿಗಿಡಗಳು, ಜಡೆಯ ಹಾಗೆ ಇಳಿಬಿದ್ದ ಬಳ್ಳಿಗಳು, ನಾಣ್ಯದಂಥ ಎಲೆಗಳನ್ನು ತೊಗಟೆಗೆ ಅಂಟಿಸಿಕೊಂಡು ಹರಿದ ಇನ್ನೇನೋ. ಗಾಳಿ ಬಂದಾಗ ಅವೆಲ್ಲ ಒಂದೇ ದಿಕ್ಕಿಗೆ ವಾಲಿ, ಮತ್ತೆ ನಿಧಾನವಾಗಿ ನೆಟ್ಟಗಾಗುವವು. ತಾನು ಕೆರೆಯ ತಳದಲ್ಲಿ ಮಲಗಿದ್ದೇನೆ, ಮೇಲೆ ತೇಲುತ್ತಿರುವುದು ಇನ್ನೊಂದು ತೋಟ ಎಂದು ಅವನಿಗೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದಾಗ ಮನಸ್ಸಿಗೆ ಹಗುರ. ಯಾಕೆಂದರೆ ಕೆರೆಯ ತಳದಲ್ಲಿ ಇರುವವನಿಗೆ ವಾಸನೆ ಬರಬೇಕಾಗಿಯೇ ಇಲ್ಲವಲ್ಲ.

ನಿತ್ಯಾನಂದ ಕುಂದಾಪುರದ ಕಡೆಯವನು. ಹದಿನಾರನೆಯ ವಯಸ್ಸಿಗೇ ಮದುವೆ ಮನೆಗಳ ಅಡುಗೆ ತಂಡಕ್ಕೆ ಸೇರಿ, ಸೌತೆಕಾಯಿ ಹೆಚ್ಚುವುದರಿಂದ ಶುರುಮಾಡಿ, ಇಪ್ಪತ್ತೈದಾಗುವ ಹೊತ್ತಿಗೆ ಸಾರಿನ ಕೊಪ್ಪರಿಗೆಯ ಮುಂದೆ ನಿಲ್ಲುವಷ್ಟಾಗಿದ್ದ. ಅಲ್ಲಿಂದ ಗಂಗಾಧರ ರಾಯರು ಅವನನ್ನು ಕರೆತಂದರು. ರಾಯರು ಅಷ್ಟರಲ್ಲಾಗಲೇ ಮಲೇಷ್ಯಾದಲ್ಲಿ ಹೋಟೆಲು ಇಟ್ಟು ನೆಲೆ ನಿಂತಿದ್ದರು. “ಎರಡು ವರ್ಷ ಇದ್ದು ನೋಡು” ಎಂದಿದ್ದರು. ಮೂವತ್ತು ವರ್ಷವಾಯಿತು. ಬ್ರಿಕ್‌ಫೀಲ್ಡ್ಸಿನ ಹೂವಿನ ಅಂಗಡಿಯಲ್ಲಿ ಮಾಲೆ ಕಟ್ಟುತ್ತಿದ್ದ ರತ್ನಳನ್ನು ಕಂಡು, ದಿನಾ ಬೇಡದ ಹೂವನ್ನೆಲ್ಲ ಕೊಂಡು, ಕಡೆಗೆ ಅವಳನ್ನೇ ಮದುವೆಯಾದ. ಅವಳು ಇಲ್ಲೇ ಹುಟ್ಟಿ ಬೆಳೆದ ತಮಿಳು ಹುಡುಗಿ. ಗಂಡನಿಂದ ಕಲಿತ ಅವಳ ಕನ್ನಡದಲ್ಲಿ ಕುಂದಾಪುರವೂ ಇತ್ತು, ಮಾತಿನ ಕೊನೆಗೊಂದು ಮಲೇಷ್ಯಾದ ‘ಲಾ’ ಕೂಡ ಇತ್ತು. ಇಬ್ಬರೂ ಪುಚೊಂಗಿನ ಫ್ಲ್ಯಾಟೊಂದರಲ್ಲಿ ಇದ್ದರು.

ಅವನ ಸಾರಿಗೆ ಹೆಸರಿತ್ತು. ಸೈಬರ್‌ಜಯಾದ ಐಟಿ ಕಂಪನಿಗಳಿಂದ ಕಾರು ಓಡಿಸಿಕೊಂಡು ಬರುತ್ತಿದ್ದ ಬೆಂಗಳೂರಿನ ಹುಡುಗರು ಎರಡನೆಯ ಸಲ ಸಾರು ಕೇಳಿ, ಲೋಟದಲ್ಲಿ ಕುಡಿದು, ಮನೆಗೆ ತಾಪಾವ್, ಅಂದರೆ ಪಾರ್ಸೆಲು, ಕಟ್ಟಿಸಿಕೊಂಡು ಹೋಗುತ್ತಿದ್ದರು. ಅವನು ಎಂದೂ ರುಚಿ ನೋಡಿ ಸಾರು ಇಳಿಸಿದವನಲ್ಲ. ಕೊಪ್ಪರಿಗೆಯ ಮೇಲೆ ಬಗ್ಗಿ ಒಮ್ಮೆ ಆವಿ ಎಳೆದುಕೊಂಡರೆ ಸಾಕು, ಹುಳಿ ಹಸಿಯಾಗಿದೆಯೋ ಬೆಂದಿದೆಯೋ, ಕೊತ್ತಂಬರಿ ಒಂದು ಹುರಿ ಕಡಿಮೆಯೋ ಹೆಚ್ಚೋ, ಎಲ್ಲ ಗೊತ್ತಾಗಿಬಿಡುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಜ್ವರ ಬಂತು. ವಾರದಲ್ಲಿ ಬಿಟ್ಟಿತು. ಹೋಗುವಾಗ ಮೂಗನ್ನು ಕಟ್ಟಿಕೊಂಡು ಹೋಯಿತು. ಡಾಕ್ಟರು, ಬರಬಹುದು, ಕಾಯಬೇಕು ಎಂದರು. ಅವನು ಯಾರಿಗೂ ಹೇಳದೆ ಕಾದ. ಕೆಲಸಕ್ಕೆ ಹೋಗಿ ಅಭ್ಯಾಸದ ಮೇಲೆ ಕೈ ಓಡಿಸಿದ. ಒಂದು ದಿನ ಒಗ್ಗರಣೆಯಲ್ಲಿ ಇಂಗು ಕರಟಿ ಕಪ್ಪಾದದ್ದು ಅವನಿಗೆ ತಿಳಿಯಲೇ ಇಲ್ಲ. ಹದಿನಾಲ್ಕು ಲೋಟ ಸಾರು ವಾಪಸು ಬಂತು. ರಾಯರು ಬೈಯಲಿಲ್ಲ. “ವಯಸ್ಸಾಯ್ತು ನಿತ್ಯ, ಸ್ವಲ್ಪ ದಿನ ಹೆಚ್ಚುವ ಕಡೆ ಇರು” ಎಂದರು. ಅವನಿಗೆ ಐವತ್ತಮೂರು. ಬೈದಿದ್ದರೇ ಚೆನ್ನಾಗಿತ್ತು. ಅವತ್ತಿನಿಂದ ಅವನು ತರಕಾರಿಯ ಮೇಜಿನ ಮುಂದೆ ನಿಂತ. ಯಾಕೆ ಹೀಗಾಯಿತೆಂದು ರತ್ನಳಿಗೊಬ್ಬಳಿಗೆ ಗೊತ್ತಿತ್ತು. ಹೋಟೆಲಿನಲ್ಲಿ ಯಾರಾದರೂ “ಏನು ಘಮಘಮ ನಿತ್ಯಣ್ಣ” ಎಂದರೆ ಅವನೂ “ಹೌದೌದು” ಎಂದು ತಲೆ ಆಡಿಸುತ್ತಿದ್ದ. ಮೂಗಿಲ್ಲದ ಅಡುಗೆಯವನೆಂದು ಹೇಳಿಕೊಳ್ಳಲು ನಾಲಗೆ ಏಳುತ್ತಿರಲಿಲ್ಲ.

ಆ ಹುಡುಗಿಯನ್ನು ಅವನು ಮೊದಲು ಕಂಡದ್ದು ಮಾರ್ಚಿನಲ್ಲಿ. ಕಣ್ಣು ಬಿಟ್ಟರೆ ನಾಲ್ಕನೆಯ ಮರದ ಆಚೆ ಬದಿಯಲ್ಲಿ ಒಬ್ಬಳು ಟೋಪಿ ಹಾಕಿಕೊಂಡು, ಕತ್ತು ಹಿಂದಕ್ಕೆ ಚಾಚಿ, ದುರ್ಬೀನಿನಲ್ಲಿ ಕೊಂಬೆ ನೋಡುತ್ತ ಏನೋ ಬರೆದುಕೊಳ್ಳುತ್ತಿದ್ದಳು. ಫೋನು ಬಂತು. “ಅಮ್ಮಾ, ಊಟ ಆಯ್ತು, ನಿಜವಾಗ್ಲೂ ಆಯ್ತು” ಎಂದಳು. ಕನ್ನಡ ಕೇಳಿದ ಮೇಲೆ ಅವನ ಮನಸ್ಸು ತಡೆಯಲಿಲ್ಲ.

“ಎಂತ ಹುಡುಕುದು ಮಾರಾಯ್ತಿ ಅಲ್ಲಿ? ಹಕ್ಕಿಯಾ?”

ಅವಳು ಬೆಚ್ಚಿ ತಿರುಗಿ, ನಕ್ಕಳು. “ಅಯ್ಯೋ, ನೀವು ಕನ್ನಡದವರಾ ಅಂಕಲ್! ಹಕ್ಕಿ ಅಲ್ಲ. ಗಿಡ ಎಣಿಸ್ತಾ ಇದೀನಿ.”

ಅವಳ ಹೆಸರು ಇಂಚರ. ಮೈಸೂರಿನವಳು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಹಳೆಯ ಉದ್ಯಾನಗಳ ಮುದಿಮರಗಳ ಮೇಲೆ ಯಾವ್ಯಾವ ಗಿಡಗಳು ತಾವಾಗಿಯೇ ಬಂದು ನೆಲೆಸಿವೆ, ಎಷ್ಟಿವೆ, ಯಾವ ಎತ್ತರದಲ್ಲಿವೆ ಎಂದು ಲೆಕ್ಕ ಹಾಕುವುದು ಅವಳ ಕೆಲಸ.

“ಬಂದಳಿಕೆ ಎಣಿಸ್ಲಿಕ್ಕೆ ಇಷ್ಟು ದೂರ ಬಂದದ್ದಾ?” ಎಂದ ನಿತ್ಯಾನಂದ. ಊರಿನಲ್ಲಿ ಅವನ ಅಪ್ಪ ಮಾವಿನ ಮರ ಹತ್ತಿ ಬಂದಳಿಕೆಯನ್ನು ಕಡಿದು ಕಡಿದು ಕೆಳಗೆ ಹಾಕುತ್ತಿದ್ದದ್ದು ನೆನಪಿಗೆ ಬಂತು.

“ಬಂದಳಿಕೆ ಮರದ ರಸ ಹೀರುತ್ತೆ ಅಂಕಲ್. ಇವು ಹೀರಲ್ಲ. ಇಲ್ನೋಡಿ.” ನೆಲಕ್ಕೆ ಬಿದ್ದಿದ್ದ ಕೊಂಬೆಯ ತುಂಡೊಂದನ್ನು ಎತ್ತಿ, ಅದರ ಮೇಲಿದ್ದ ಗಿಡವನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ಬೇರು ತೊಗಟೆಯನ್ನು ತಬ್ಬಿತ್ತು ಅಷ್ಟೆ. ಒಳಗೆ ಇಳಿದಿರಲಿಲ್ಲ. “ಕೂತ್ಕೊಳಕ್ಕೆ ಜಾಗ ಬೇಕು ಇವಕ್ಕೆ. ನೀರು ಮಳೆಯಿಂದ, ಊಟ ಉದುರಿದ ಎಲೆ ಕೊಳೆತು ಆದ ಗೊಬ್ಬರದಿಂದ. ತಮಾಷೆ ಏನು ಗೊತ್ತಾ, ಈ ಮರ ಇಲ್ಲಿಯದಲ್ಲ. ಅಮೆರಿಕದ ಕಡೆಯಿಂದ ತಂದು ನೆಟ್ಟಿದ್ದು. ಮೇಲೆ ಕೂತಿರೋವೆಲ್ಲ ಈ ಕಾಡಿನವೇ. ಕಾಡು ಹೋಯ್ತು, ಇವು ಬಂದು ಈ ಮರ ಹತ್ಕೊಂಡ್ವು.”

ನಿತ್ಯಾನಂದ ಮೇಲೆ ನೋಡಿದ. ಎರಡು ವರ್ಷದಿಂದ ದಿನಾ ನೋಡುತ್ತಿದ್ದ ತೋಟ. ಈಗ ಅದರಲ್ಲಿ ಒಂದೊಂದೂ ಬೇರೆ ಬೇರೆಯಾಗಿ ಕಾಣತೊಡಗಿತು.

ಮರುದಿನವೂ ಅವಳು ಬಂದಳು. ಮೂರನೆಯ ದಿನ ಅವನು ಅವಳಿಗೆಂದು ಬಾಳೆಲೆಯಲ್ಲಿ ನಾಲ್ಕು ಗೋಳಿಬಜೆ ಕಟ್ಟಿಕೊಂಡು ಹೋದ. ಅವಳಿಗೆ ದುರ್ಬೀನಿನಲ್ಲೂ ಸಿಗದ ಗಿಡ ಅವನಿಗೆ ಬರಿಗಣ್ಣಿಗೆ ಸಿಗುತ್ತಿತ್ತು. ಹತ್ತಿರದ ಅಕ್ಷರಕ್ಕೆ ಕನ್ನಡಕ ಬೇಕಾದರೂ ಅವನ ದೂರದ ನೋಟ ಗಿಡುಗನದು. ಹಾಗೆ ಇಬ್ಬರೂ ಮರದಿಂದ ಮರಕ್ಕೆ ಹೋದರು. ಅವನು ಎಣಿಸುವುದು, ಅವಳು ಬರೆಯುವುದು. ಎಲೆಗಳನ್ನು ಹೂಜಿಯ ಬಾಯಿಯ ಹಾಗೆ ತೆರೆದು, ಉದುರುವ ತರಗನ್ನೆಲ್ಲ ಹಿಡಿದಿಟ್ಟುಕೊಳ್ಳುವ ದೊಡ್ಡ ಜರಿಗೆ ಅವನು ಕೊಪ್ಪರಿಗೆ ಎಂದು ಹೆಸರಿಟ್ಟ. ಅವಳು ಪುಸ್ತಕದ ಹೆಸರು ಬಿಟ್ಟು ಅದನ್ನೇ ಬರೆದುಕೊಳ್ಳತೊಡಗಿದಳು. ಎಲ್ಲಕ್ಕಿಂತ ಹೆಚ್ಚಿಗೆ ಇದ್ದದ್ದು ಒಂದು ಬಡಕಲು ಗಿಡ. ಕಡ್ಡಿಯ ಹಾಗೆ ಸಣಕಲು ಕಾಂಡ, ಎಲ್ಲೋ ನಾಲ್ಕು ಎಲೆ. ಒಂಬತ್ತು ಮರಗಳ ಮೇಲೂ ಪೊದೆ ಪೊದೆಯಾಗಿತ್ತು.

“ಇದು ಕಸ ಅಲ್ವಾ?” ಎಂದ.

“ಇದು ಪಾರಿವಾಳದ ಸೀತಾಳೆ, ಆರ್ಕಿಡ್ ಅಂಕಲ್. ಹೂವು ಬಿಟ್ಟಾಗ ನೋಡ್ಬೇಕು. ಆದ್ರೆ ಯಾವಾಗ ಬಿಡುತ್ತೆ ಅಂತ ಕ್ಯಾಲೆಂಡರ್‌ನಲ್ಲಿ ಇರಲ್ಲ.” ಅವಳು ಹುಲ್ಲಿನ ಮೇಲೆ ಕೂತು ಹೇಳಿದಳು. ಬಿಸಿಲು ಕಾದು ಕಾದು, ಇದ್ದಕ್ಕಿದ್ದಂತೆ ಜೋರು ಮಳೆ ಹೊಡೆದು, ಗಾಳಿ ಥಟ್ಟನೆ ತಣ್ಣಗಾಗಬೇಕು. ಆ ತಂಪು ತಾಗಿದ ಕ್ಷಣಕ್ಕೆ, ಮಲಗಿದ್ದ ಮೊಗ್ಗುಗಳೆಲ್ಲ ಒಟ್ಟಿಗೆ ಎಚ್ಚರಾಗುತ್ತವೆ. ಅಲ್ಲಿಂದ ಒಂಬತ್ತನೆಯ ದಿನ ಇಡೀ ಊರಿನಲ್ಲಿ ಎಲ್ಲೆಲ್ಲಿ ಈ ಗಿಡ ಇದೆಯೋ ಅಲ್ಲೆಲ್ಲ ಒಂದೇ ಬೆಳಗ್ಗೆ ಅರಳುತ್ತವೆ. ಸಂಜೆಗೆ ಬಾಡುತ್ತವೆ. “ನಾನೂ ಒಂದೇ ಸಲ ನೋಡಿರೋದು. ಅದೂ ಎರಡೇ ಎರಡು ಗಿಡ.”

ಆ ರಾತ್ರಿ ಅವನು ಇದನ್ನು ರತ್ನಳಿಗೆ ಹೇಳಿದ. ಅವಳು ಮಲ್ಲಿಗೆ ಕಟ್ಟುತ್ತಲೇ, “ದಾರ ಇಲ್ಲದೆ ಕಟ್ಟಿದ ಹಾಗೆ ಲಾ” ಎಂದಳು.

ಏಪ್ರಿಲಿನ ಕೊನೆಗೆ ಪಾಕ್ ಜುಲ್ ಆ ಸುದ್ದಿ ತಂದರು. ಪಾಕ್ ಜುಲ್ ಉದ್ಯಾನದ ಕೆಲಸಗಾರರ ಮೇಸ್ತ್ರಿ. ಅರವತ್ತಕ್ಕೆ ಹತ್ತಿರದ ಮಲಯ ಮನುಷ್ಯ. ನಿತ್ಯಾನಂದನ ಮಲಯ ಭಾಷೆ ಸಂತೆಯಲ್ಲಿ ಕಲಿತದ್ದಾದರೂ ಇಬ್ಬರಿಗೂ ವರ್ಷಗಳ ಮಾತುಕತೆ. ಊರಿನ ಇನ್ನೊಂದು ಕಡೆ ಗಾಳಿಗೆ ಮರದ ಕೊಂಬೆ ಮುರಿದು ಕಾರಿನ ಮೇಲೆ ಬಿದ್ದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕಚೇರಿಯಿಂದ ಆಜ್ಞೆ ಬಂದಿತ್ತು. ಹಳೆಯ ಮರಗಳ ಮೇಲಿನ ಗಿಡಗಂಟಿಯೆಲ್ಲ ತೆಗೆದು ಸ್ವಚ್ಛ ಮಾಡಬೇಕು. ಏಣಿಯ ಲಾರಿ ಎರಡು ವಾರ ಬಿಟ್ಟು ಸೋಮವಾರ ಬರುತ್ತದೆ.

ಇಂಚರಳ ಮುಖ ಬಿಳಿಚಿತು. ಅವಳು ಕಚೇರಿಗೆ ಪತ್ರ ಬರೆದಳು, ಮಿಂಚಂಚೆ ಕಳಿಸಿದಳು, ಹೋಗಿ ಬಾಗಿಲ ಮುಂದೆ ಕಾದಳು. ವಿಷಯ ಪರಿಶೀಲನೆಯಲ್ಲಿದೆ ಎಂದು ಒಂದು ಸಾಲಿನ ಉತ್ತರ ಬಂತು. ಅವಳ ಮಾರ್ಗದರ್ಶಕರು ವಿದೇಶದಲ್ಲಿದ್ದರು. “ಊರಿನ ಉದ್ಯಾನಗಳೆಲ್ಲ ಸೇರಿ ಎರಡು ವರ್ಷದ ಕೆಲಸ ಅಂಕಲ್” ಎಂದಷ್ಟೇ ಹೇಳಿ ಅವಳು ಕೆರೆಯ ಕಡೆ ಮುಖ ತಿರುಗಿಸಿಕೊಂಡಳು. ಕೈಯಲ್ಲಿದ್ದ ಕಸುಬು ಕಣ್ಣೆದುರೇ ಜಾರುವುದು ಹೇಗಿರುತ್ತದೆಂದು ನಿತ್ಯಾನಂದನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪಾಕ್ ಜುಲ್ ಜೊತೆ ಮಾತಾಡಿ ನೋಡಿದ. “ರಸ ಹೀರುತ್ತವೆ ಅವು. ನನ್ನ ಅಪ್ಪನೂ ಹಾಗೇ ಹೇಳುತ್ತಿದ್ದ” ಎಂದರು ಪಾಕ್ ಜುಲ್. ಆಮೇಲೆ ದನಿ ತಗ್ಗಿಸಿ, “ಆ ದೊಡ್ಡ ಜರಿಯಲ್ಲಿ ಹೆಣ್ಣು ದೆವ್ವ ಬಂದು ಕೂರುತ್ತದೆ ಅಂತ ಅಜ್ಜಿ ಹೇಳುತ್ತಿದ್ದಳು. ಕಡಿಯಲು ನಮ್ಮ ಹುಡುಗರಿಗೂ ಮನಸ್ಸಿಲ್ಲ. ಆದರೆ ಆಜ್ಞೆ ಆಜ್ಞೆಯೇ” ಎಂದರು.

ಮಳೆ ಬಂದದ್ದು ಒಂದು ಭಾನುವಾರ. ಲಾರಿ ಬರಲು ಎಂಟು ದಿನ ಉಳಿದಿತ್ತು. ಅವತ್ತು ಬೆಳಗಿನಿಂದ ಒಂದೆಲೆ ಅಲ್ಲಾಡಿರಲಿಲ್ಲ. ಕೆರೆ ಕರಗಿಸಿದ ತವರದಂತೆ ಬಿದ್ದುಕೊಂಡಿತ್ತು. ಮೂರೂವರೆಯ ಹೊತ್ತಿಗೆ ಪಶ್ಚಿಮದಿಂದ ಕಪ್ಪು ಏರಿ ಬಂತು. ನಿತ್ಯಾನಂದ ನೋಡುತ್ತಿದ್ದಂತೆ ಒಂಬತ್ತು ಮರಗಳೂ ತಮ್ಮ ಎಲೆಗಳನ್ನು ಜೋಡಿ ಜೋಡಿಯಾಗಿ ಮಡಚಿಕೊಂಡವು. ದಟ್ಟವಾಗಿದ್ದ ನೆರಳು ಜಾಳು ಜಾಳಾಯಿತು, ಎಂದೂ ಕಾಣದ ಆಕಾಶ ಕೊಂಬೆಗಳ ನಡುವೆ ಇಣುಕಿತು. ಬರುವ ಮಳೆಗೆ ಮರಗಳೇ ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತ ಹಾಗೆ. ಅವನೂ ಇಂಚರಳೂ ದಂಡೆಯ ಮಂಟಪಕ್ಕೆ ಓಡಿದರು. ಮಳೆ ಬಿತ್ತು ಎನ್ನುವುದಕ್ಕಿಂತ ಕೆರೆ ಎದ್ದು ನಿಂತಿತು ಎನ್ನಬೇಕು. ಎದುರಿನ ದಂಡೆ ಇಲ್ಲವಾಯಿತು, ಮರಗಳು ಇಲ್ಲವಾದವು, ಉಳಿದದ್ದು ಒಂದೇ ಸದ್ದು ಮತ್ತು ಬೂದು ಬಣ್ಣದ ಬೆಳಕು. ಅವನ ತೋಳಿನ ರೋಮ ನಿಮಿರಿತು.

ಇಂಚರ ಚೀಲದಿಂದ ತೆಗೆದ ಉಷ್ಣಮಾಪಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. “ಮೂವತ್ನಾಲ್ಕಿತ್ತು. ಈಗ ಇಪ್ಪತ್ತೈದು ಅಂಕಲ್! ಒಂಬತ್ತು ಡಿಗ್ರಿ ಇಳೀತು!” ಎಂದು ಮಳೆಯ ಸದ್ದಿಗೆ ಕೂಗಿ ಹೇಳಿದಳು.

“ಒಂಬತ್ತು ದಿನ ಅಂದ್ರೆ ಯಾವತ್ತು?”

ಅವಳು ಬೆರಳು ಮಡಚಿದಳು. “ಮಂಗಳವಾರ.” ಕೂಗುವ ದನಿ ಇಳಿದುಹೋಯಿತು. “ಲಾರಿ ಸೋಮವಾರ ಬರುತ್ತೆ.”

ಮಳೆ ನಿಂತ ಮೇಲೆ ನಿತ್ಯಾನಂದ ಹೋಟೆಲಿಗೆ ಹೋಗಲಿಲ್ಲ. ಒದ್ದೆ ಬಟ್ಟೆಯಲ್ಲೇ ಪಾಕ್ ಜುಲ್ ಅವರ ಶೆಡ್ಡಿಗೆ ಹೋದ. ಅವರು ಸ್ಟವಿನ ಮೇಲೆ ಚಹಾ ಇಟ್ಟಿದ್ದರು. ಹೇಗೆ ಹೇಳುವುದೆಂದು ತಲೆ ಕೆರೆದುಕೊಂಡ. ಆಮೇಲೆ ಅಡುಗೆಯವನಿಗೆ ಹೊಳೆಯುವ ಹಾಗೆ, ಮೊದಲು ಯಾವುದು ಆಮೇಲೆ ಯಾವುದು ಎಂಬುದು ಹೊಳೆಯಿತು.

“ಪಾಕ್ ಜುಲ್, ಕಾರಿನ ಮೇಲೆ ಬಿದ್ದ ಕೊಂಬೆ ಹಸಿಯೋ ಒಣಗಿದ್ದೋ?”

“ಒಣಗಿದ್ದು.”

“ನಿಮ್ಮ ಮರಗಳಲ್ಲೂ ಒಣಗಿದ ಕೊಂಬೆ ಉಂಟು. ನಾನು ಎಣಿಸಿದ್ದೇನೆ. ಇಪ್ಪತ್ಮೂರು. ಮೊದಲು ಅದನ್ನು ಕಡಿಯಿರಿ. ಅದಕ್ಕೇ ಎರಡು ದಿನ ಬೇಕು. ಹಸಿರಿಗೆ ಬುಧವಾರ ಕೈ ಹಾಕಿ. ಮಂಗಳವಾರ ಬೆಳಗ್ಗೆ ಈ ಒಂಬತ್ತು ಮರವೂ ಹೂವಾಗ್ತದೆ.”

ಪಾಕ್ ಜುಲ್ ಅವನನ್ನೇ ನೋಡಿದರು. “ಮಳೆಮರದ ಹೂವು ನಾನು ನೋಡದ್ದೇ? ಗುಲಾಬಿ ಬಣ್ಣದ್ದು.”

“ಇದು ಬಿಳಿ. ಮರದ್ದಲ್ಲ, ಮೇಲಿನವರದ್ದು.”

“ಆಗದೆ ಹೋದರೆ?”

“ಆಗದೆ ಹೋದರೆ ಬುಧವಾರ ನಾನೇ ಬಂದು ಕೆಳಗೆ ಬಿದ್ದದ್ದನ್ನು ಗುಡಿಸ್ತೇನೆ.”

ಪಾಕ್ ಜುಲ್ ನಕ್ಕರು, ಚಹಾ ಸೋಸಿ ಕೊಟ್ಟರು. ಒಣ ಕೊಂಬೆಯಿಂದ ಶುರು ಮಾಡಬಾರದೆಂದು ಆಜ್ಞೆಯಲ್ಲೇನೂ ಬರೆದಿರಲಿಲ್ಲ.

ಆ ದಿನಗಳು ಹೇಗೆ ಕಳೆದವೋ ಅವನಿಗೇ ಸರಿಯಾಗಿ ತಿಳಿಯದು. ಬೆಂಡೆಕಾಯಿ ಹೆಚ್ಚುವಾಗ ಒಳಗಿನ ಬಿಳಿ ಬೀಜ ಕಂಡು ಕೈ ನಿಲ್ಲುತ್ತಿತ್ತು. ಪುಚೊಂಗಿನ ರೈಲಿನಲ್ಲಿ ಕಿಟಕಿಯಾಚೆ ಸರಿಯುವ ಫ್ಲೈಓವರುಗಳ ಸಂದಿಯಲ್ಲಿ, ಅಂಗಡಿ ಮನೆಗಳ ಮಾಡಿನ ಮೇಲೆ, ದೇವಸ್ಥಾನದ ಅಂಗಳದ ಮಾವಿನ ಮರದಲ್ಲಿ ಆ ಕಡ್ಡಿ ಗಿಡ ಕಾಣುತ್ತಿತ್ತು. ಇಷ್ಟು ವರ್ಷ ಎಲ್ಲೂ ಇರಲಿಲ್ಲ, ಈಗ ಎಲ್ಲೆಲ್ಲೂ ಇತ್ತು. ಊರು ತುಂಬ ಇವು ಒಂದೇ ಲೆಕ್ಕ ಎಣಿಸುತ್ತಿವೆ, ಜೊತೆಗೆ ತಾನೂ ಎಣಿಸುತ್ತಿದ್ದೇನೆ ಅನ್ನಿಸಿ ಮೈ ಜುಮ್ಮೆಂದಿತು. ಐದನೆಯ ದಿನ ದುರ್ಬೀನಿನಲ್ಲಿ ಅಕ್ಕಿ ಕಾಳಿನಷ್ಟು ಮೊಗ್ಗು ಕಂಡಿತು. ಏಳನೆಯ ದಿನ ಅದು ಅವರೆಕಾಳು. ಎಂಟನೆಯ ದಿನ, ಸೋಮವಾರ, ಲಾರಿ ಬಂತು. ಗರಗಸದ ಸದ್ದು ಕೆರೆಯ ಮೇಲೆಲ್ಲ ಹರಡಿತು. ಒಣಗಿದ ಕೊಂಬೆಗಳು ಹಗ್ಗದಲ್ಲಿ ಒಂದೊಂದಾಗಿ ಇಳಿದವು. ನಿತ್ಯಾನಂದ ಮಂಟಪದಲ್ಲಿ ಕೂತು ನೋಡಿದ. ಇಂಚರ ಉಗುರು ಕಚ್ಚುತ್ತ, “ಎಂಟು ದಿನಕ್ಕೂ ಆಗಬಹುದು, ಹತ್ತಕ್ಕೂ ಆಗಬಹುದು ಅಂತ ಬರೆದಿದಾರೆ ಅಂಕಲ್. ನೀವು ಮಂಗಳವಾರ ಅಂತ ಮಾತು ಕೊಟ್ಬಿಟ್ರಿ” ಎಂದಳು.

“ಕೊಟ್ಟಾಯ್ತಲ್ಲ, ಇನ್ನೆಂತ ಮಾಡುದು” ಎಂದ ಅವನು.

ಮಂಗಳವಾರ ಬೆಳಗಿನ ಪಾಳಿಗೆ ರಜೆ ಹೇಳಿದ. ರತ್ನ ಅಂಗಡಿಯ ಬೀಗದ ಕೈಯನ್ನು ಪಕ್ಕದವಳಿಗೆ ಕೊಟ್ಟು ಅವನ ಜೊತೆ ಬಂದಳು. ಉದ್ಯಾನದ ಗೇಟು ದಾಟುವಾಗ ಬೆಳಕು ಹರಿದಿತ್ತು, ಬಿಸಿಲು ಬಂದಿರಲಿಲ್ಲ. ಕೆರೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಮೊದಲನೆಯ ಮರದ ಕಡೆ ನೋಡಿದ. ಕೊಂಬೆಗಳ ಮೇಲೆ ಏನೋ ಬೆಳ್ಳಗೆ ಇತ್ತು. ಮಂಜು ಇರಬೇಕೆಂದುಕೊಂಡ. ರತ್ನ ಅವನ ಮೊಣಕೈ ಹಿಡಿದಳು. ಹಿಡಿದವಳು ಬಿಡಲಿಲ್ಲ.

ಮಂಜಲ್ಲ. ಕೊಂಬೆಯ ಉದ್ದಕ್ಕೂ, ಬುಡದಿಂದ ತುದಿಯವರೆಗೆ, ಒಂದರ ಪಕ್ಕ ಒಂದು, ರೆಕ್ಕೆ ಬಿಚ್ಚಿ ಇನ್ನೇನು ಹಾರಬೇಕೆಂದಿರುವ ಪುಟ್ಟ ಬಿಳಿ ಪಾರಿವಾಳಗಳ ಹಾಗೆ ಹೂವು. ಎರಡನೆಯ ಮರದ ಮೇಲೆ. ಮೂರನೆಯದರ ಮೇಲೆ. ಒಂಬತ್ತೂ ಮರಗಳ ಮೇಲೆ. ಕೆರೆಯಲ್ಲಿ ಅವುಗಳ ಬಿಂಬ ಬಿದ್ದು, ಯಾವುದು ಮೇಲೆ ಯಾವುದು ಕೆಳಗೆ ಎಂಬುದೇ ತಿಳಿಯದಾಯಿತು. ಬೆಳಗಿನ ವಾಯುವಿಹಾರಕ್ಕೆ ಬಂದವರೆಲ್ಲ ನಡೆಯುವುದನ್ನು ಮರೆತು ನಿಂತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಇಂಚರ ಹುಲ್ಲಿನ ಮೇಲೆ ಕೂತುಬಿಟ್ಟಿದ್ದಳು, ಪುಸ್ತಕ ಮಡಿಲಲ್ಲಿ ತೆರೆದೇ ಇತ್ತು.

“ಎಷ್ಟು ಘಮ್ ಅಂತಿದೆ ಅಲ್ವಾ ಅಂಕಲ್?” ಎಂದಳು, ಕಣ್ಣು ಒರೆಸಿಕೊಳ್ಳುತ್ತ.

ಹೌದೌದು ಎನ್ನುವ ಮಾತು ಎರಡು ವರ್ಷದ ಅಭ್ಯಾಸದಿಂದ ನಾಲಗೆಯ ತುದಿಗೆ ಬಂತು. ಹೇಳಲಾಗಲಿಲ್ಲ. ಇಷ್ಟೊಂದರ ಮುಂದೆ ನಿಂತು ಸುಳ್ಳಾಡಲು ಅವನಿಗೆ ಮನಸ್ಸಾಗಲಿಲ್ಲ.

“ನನಗೆ ವಾಸನೆ ಬರುದಿಲ್ಲ ಮಗಾ” ಎಂದ. “ಎರಡು ವರ್ಷ ಆಯ್ತು. ಏನೂ ಬರುದಿಲ್ಲ.”

ಇಂಚರ ತಲೆ ಎತ್ತಿದಳು. ರತ್ನ ಇನ್ನಷ್ಟು ಗಟ್ಟಿಯಾಗಿ ಮೊಣಕೈ ಹಿಡಿದಳು.

“ನೀನು ಹೇಳು” ಎಂದ ಅವನು. “ಎಂತದರ ಹಾಗೆ ಉಂಟು?”

“ಸ್ವೀಟ್ ಆಗಿ...”

“ಸ್ವೀಟ್ ಅಂದರೆ ನಾನು ಹೇಗೆ ತಿಳಕೊಳ್ಳುದು? ಬೆಲ್ಲವಾ, ಸಕ್ಕರೆಯಾ? ಪಾಕ ಎಷ್ಟು ಎಳೆಯದ್ದು?”

ಅವಳು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. “ಬೆಲ್ಲ ಅಲ್ಲ. ಬಿಸಿ ಹಾಲಿಗೆ ಏಲಕ್ಕಿ ಸಿಪ್ಪೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದುಬಿಟ್ರೆ... ಏಲಕ್ಕಿ ಇಲ್ಲ, ಆದ್ರೆ ಇತ್ತು ಅಂತ ಗೊತ್ತಾಗುತ್ತಲ್ಲ, ಹಾಗೆ.”

“ಹಾಂ” ಎಂದ ಅವನು. “ಮತ್ತೆ?”

“ಮಲ್ಲಿಗೆ ಹಾಗೆ ಅಲ್ಲ” ಎಂದಳು ರತ್ನ. ಅವಳು ಹೂವಿನವಳು, ತೂಗಿ ತೂಗಿ ಮಾತಾಡಿದಳು. “ಮಲ್ಲಿಗೆ ಬಂದು ಮೇಲೆ ಬೀಳ್ತದೆ. ಇದು ಪಕ್ಕದಲ್ಲಿ ಬಂದು ಕೂತ್ಕೊಳ್ತದೆ. ತಿರುಗಿ ನೋಡಿದ್ರೆ ಇಲ್ಲ.”

ಪಾಕ್ ಜುಲ್ ಯಾವಾಗಲೋ ಬಂದು ಹಿಂದೆ ನಿಂತಿದ್ದರು. ಇವರು ಏನು ಮಾತಾಡುತ್ತಿದ್ದಾರೆಂದು ನಿತ್ಯಾನಂದ ಮಲಯದಲ್ಲಿ ಹೇಳಿದ. ಅವರು ಟೋಪಿ ತೆಗೆದು, ಮುದಿ ಮೂಗನ್ನು ಗಾಳಿಗೆ ಒಡ್ಡಿ ಬಹಳ ಹೊತ್ತು ನಿಂತರು. “ಪಂಡಾನ್ ಎಲೆ ಹಾಕಿ ಕುದಿಸಿದ ನೀರು. ಆರಿದ ಮೇಲೆ. ಮಡಕೆಯಲ್ಲಿ” ಎಂದರು. ಇಲ್ಲಿಯವರು ಅನ್ನಕ್ಕೂ ಸಿಹಿಗೂ ಹಾಕುವ ಘಮದ ಎಲೆ ಅದು.

ನಿತ್ಯಾನಂದ ಕಣ್ಣು ಮುಚ್ಚಿದ. ಮಡಕೆಯಲ್ಲಿ ಆರಿದ ಪಂಡಾನ್ ನೀರನ್ನು ಮನಸ್ಸಿನಲ್ಲೇ ತೆಗೆದುಕೊಂಡ. ಅದಕ್ಕೆ ಏಲಕ್ಕಿ ಬಂದು ಹೋದ ಹಾಲನ್ನು ಎರಡು ಚಮಚ, ಹೆಚ್ಚಲ್ಲ. ಅದನ್ನು ಮುಚ್ಚಳ ತೆಗೆಯದೆ ಪಕ್ಕದ ಕೋಣೆಯಲ್ಲಿಟ್ಟ. ಮೂಗಿಗೆ ಏನೂ ತಾಗಲಿಲ್ಲ, ತಾಗಿತೆಂದು ಅವನು ಯಾರಿಗೂ ಆಮೇಲೂ ಹೇಳಲಿಲ್ಲ. ಆದರೆ ಮೂವತ್ತೈದು ವರ್ಷ ಮೂಗಿನ ಹಿಂದೆ ಕೂತು ಕೆಲಸ ಮಾಡಿದ ಯಾವನೋ ಒಬ್ಬ ಒಳಗೆ ಇನ್ನೂ ಇದ್ದ. ಅವನು ಎದ್ದು ಕೂತ. ಅಳತೆ ಸರಿಯಿದೆ ಎಂದ.

ಹತ್ತು ಗಂಟೆಗೆ ಲಾರಿಯ ಕೆಲಸಗಾರರು ಬಂದು, ಏಣಿ ಎತ್ತದೆ, ಫೋನಿನಲ್ಲಿ ಫೋಟೋ ತೆಗೆಯುತ್ತ ನಿಂತರು. ಪಾಕ್ ಜುಲ್ ಕಚೇರಿಗೆ ಫೋನು ಮಾಡಿ, “ತಾವೇ ಬಂದು ನೋಡಿ” ಎಂದರು. ಮಧ್ಯಾಹ್ನ ಅಧಿಕಾರಿಯೊಬ್ಬರು ಬಂದರು, ಅವರ ಹಿಂದೆ ಇನ್ನಿಬ್ಬರು. ಇಂಚರ ತನ್ನ ಪಟ್ಟಿ ತೋರಿಸಿದಳು. ಯಾವ ಕೊಂಬೆ ಗಟ್ಟಿ, ಯಾವುದು ಟೊಳ್ಳು, ಯಾವುದರ ಮೇಲೆ ಎಷ್ಟು ಭಾರ, ಎಲ್ಲ ಅದರಲ್ಲಿತ್ತು. ಅಧಿಕಾರಿ ಮರ ನೋಡಿದರು, ಪಟ್ಟಿ ನೋಡಿದರು, ಗಡಿಯಾರ ನೋಡಿದರು. ಕಡೆಗೆ, ಒಣಗಿದ್ದನ್ನೂ ಟೊಳ್ಳಾದದ್ದನ್ನೂ ಮಾತ್ರ ತೆಗೆಯಿರಿ, ಉಳಿದದ್ದು ಇರಲಿ ಎಂದರು. ಟೊಳ್ಳಾದ ಎರಡು ಕೊಂಬೆಗಳಲ್ಲಿ ಒಂದು ನಾಲ್ಕನೆಯ ಮರದ್ದು. ಎಲ್ಲಕ್ಕಿಂತ ದೊಡ್ಡ ಕೊಪ್ಪರಿಗೆ ಜರಿ ಇದ್ದದ್ದು ಅದರ ಮೇಲೆಯೇ. ಬುಧವಾರ ಅದು ಹಗ್ಗದಲ್ಲಿ ಇಳಿಯಿತು. ಕೆಳಗೆ ಇಟ್ಟಾಗ ಒಂದು ಸಣ್ಣ ಗುಡಿಸಲಿನಷ್ಟು ಇತ್ತು. ಒಳಗಿನಿಂದ ಎರೆಹುಳುಗಳು, ಒಂದು ಕಪ್ಪೆ, ನೂರು ವರ್ಷದ ತರಗಿನ ಹಾಗೆ ಕಾಣುವ ಕಪ್ಪು ಮಣ್ಣು ಸುರಿದವು. ಇಂಚರ ಅತ್ತಳು. ನಿತ್ಯಾನಂದ ಮಾತಿನಲ್ಲಿ ಗೆದ್ದಿದ್ದರೂ ಪೊರಕೆ ತೆಗೆದುಕೊಂಡು ಅದನ್ನೆಲ್ಲ ಗುಡಿಸಿದ. ಹೂವುಗಳಂತೂ ಮಂಗಳವಾರ ಸಂಜೆಗೇ ಒದ್ದೆ ಕಾಗದದ ಹಾಗೆ ಮುದುಡಿ ಹೋಗಿದ್ದವು.

ಗುರುವಾರ ಅವನು ಗಂಗಾಧರ ರಾಯರ ಗಲ್ಲಾದ ಮುಂದೆ ಹೋಗಿ ನಿಂತು, ಜ್ವರದಿಂದ ಹಿಡಿದು ಎಲ್ಲ ಹೇಳಿದ. ರಾಯರು ಎಣಿಸುತ್ತಿದ್ದ ನೋಟುಗಳನ್ನು ಗಲ್ಲಾದೊಳಗೆ ಹಾಕಿ ಮುಚ್ಚಿದರು.

“ಎರಡು ವರ್ಷ ಬಾಯಿ ಬಿಡಲಿಲ್ಲವಲ್ಲ ನಿತ್ಯ. ನಾನು ನಿನಗೆ ಮರೆವು ಬಂತು ಅಂದ್ಕೊಂಡಿದ್ದೆ ಮಾರಾಯ.”

“ಹೇಗೆ ಹೇಳುದು ಧಣಿ? ಈಗ ಒಂದು ಕೇಳ್ತೇನೆ. ನನಗೆ ಒಂದು ಒಲೆ ಕೊಡಿ. ಮೂಗು ಪಕ್ಕದವರದ್ದು, ಕೈ ನನ್ನದು.”

ಹಾಗೆ ಅವನು ಸಾರಿನ ಕೊಪ್ಪರಿಗೆಗೆ ಮರಳಿದ. ಮೊದಲ ದಿನಗಳು ಸುಲಭವಾಗಿರಲಿಲ್ಲ. ಸಾಸಿವೆ ಸಿಡಿಯುವ ಸದ್ದಿನಿಂದ ಎಣ್ಣೆಯ ಕಾವು, ನೊರೆಯ ಬಣ್ಣದಿಂದ ಹುಳಿಯ ಹದ, ಹೀಗೆ ಕಿವಿಗೂ ಕಣ್ಣಿಗೂ ಹೊಸದಾಗಿ ಪಾಠ ಹೇಳಿಕೊಡಬೇಕಾಯಿತು. ಇಂಗು ಹಾಕುವ ಹೊತ್ತಿಗೆ ಅವನು ಪಾತ್ರೆ ತೊಳೆಯುವ ದೇವಕಿಯನ್ನೋ ತಟ್ಟೆ ತರುವವರನ್ನೋ ಕೂಗಿ ಕರೆಯುತ್ತಿದ್ದ. “ಬಾ, ಆವಿ ಎಳಕೊ. ಎಂತದರ ಹಾಗೆ ಉಂಟು ಹೇಳು.” ಮೊದಮೊದಲು ಅವರು ಚೆನ್ನಾಗಿದೆ ಎಂದಷ್ಟೇ ಹೇಳುತ್ತಿದ್ದರು. ಅವನು ಬಿಡುತ್ತಿರಲಿಲ್ಲ. ತಿಂಗಳಾಗುವಷ್ಟರಲ್ಲಿ ದೇವಕಿ, “ಹಸಿ ಹೋಗಿದೆ ನಿತ್ಯಣ್ಣ, ಆದ್ರೆ ಇನ್ನೂ ಮನೆ ಸೇರಿಲ್ಲ” ಎನ್ನುವಷ್ಟಾದಳು. ಸಾರು ಹಳೆಯ ಸಾರೇ ಆಯಿತೆಂದು ಹೇಳಲಾಗದು. ಸ್ವಲ್ಪ ಬೇರೆ. ಆದರೆ ಲೋಟಗಳು ವಾಪಸು ಬರುವುದು ನಿಂತಿತು.

ಆಗಸ್ಟಿನಲ್ಲಿ ಇಂಚರ ಜೊಹೊರ್ ಕಡೆಯ ಇನ್ನೊಂದು ಹಳೆಯ ಉದ್ಯಾನಕ್ಕೆ ಹೊರಟಳು. ಹೊರಡುವ ಮೊದಲು ಒಂದು ಮಧ್ಯಾಹ್ನ ಅವನ ಪಕ್ಕದಲ್ಲಿ ಹುಲ್ಲಿನ ಮೇಲೆ ಮಲಗಿ, ಮೇಲೆ ಬೆರಳು ತೋರಿಸಿದಳು. ಸೀತಾಳೆಯ ಕಾಯಿಗಳು ಒಣಗಿ ಬಿರಿದಿದ್ದವು.

“ಒಂದು ಕಾಯಲ್ಲಿ ಸಾವಿರಾರು ಬೀಜ ಇರುತ್ತೆ ಅಂಕಲ್. ಹಿಟ್ಟಿಗಿಂತ ಸಣ್ಣ. ಈಗ ಇಲ್ಲೆಲ್ಲ ತೇಲ್ತಾ ಇರುತ್ತೆ, ನಮಗೆ ಕಾಣಲ್ಲ.”

“ಎಲ್ಲಿಗೆ ಹೋಗ್ತದೆ?”

“ಗಾಳಿ ಎಲ್ಲಿಗೆ ಒಯ್ದರೆ ಅಲ್ಲಿಗೆ. ಮುಕ್ಕಾಲು ಸತ್ತೇ ಹೋಗುತ್ತೆ. ಎಲ್ಲೋ ಒಂದು ತೊಗಟೆಯ ಬಿರುಕಿಗೆ ಬಿದ್ರೆ ಬದುಕುತ್ತೆ.”

ಕಡಿದ ಕೊಂಬೆಯ ಜಾಗದಿಂದ ಒಂದು ಹೊಸ ಬಿಸಿಲಿನ ಕೋಲು ಇಳಿದು ಬಂದು ಅವನ ಪಾದದ ಹತ್ತಿರ ಬಿದ್ದಿತ್ತು. ಅದರೊಳಗೆ ದೂಳಿನ ಕಣಗಳೋ ಇನ್ನೇನೋ ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ ಮೆಲ್ಲಗೆ ಸುತ್ತುತ್ತಿದ್ದವು. ನೋಡುತ್ತ ನೋಡುತ್ತ ಅವನ ರೆಪ್ಪೆ ಭಾರವಾಯಿತು. ಇಂಚರ ಎದ್ದು ಹೋದದ್ದೂ ತಿಳಿಯದ ಹಾಗೆ ನಿದ್ದೆ ಬಂತು.